ಅಂಕಣದ ಅಗಲ

ಜನವರಿ ಇಪ್ಪತ್ತಾರು. ಕಿಟಕಿಯಾಚೆ
ಗ್ಲೇಸ್ ಬೇ ಕಡಲು ಹಿಮಗಡ್ಡೆ ತಂದು ದಂಡೆಗೆ ಒರಗಿಸುತ್ತಿದೆ.
ಸಂಬಳ ವಿಭಾಗದಲ್ಲಿ ನಾನೊಬ್ಬಳೇ, ಎಫಿ ರ್‍ಯಾಂಕಿನ್,
ಇಪ್ಪತ್ತೆಂಟು ವರ್ಷದಿಂದ ಇದೇ ಕುರ್ಚಿ,
ಎರಡು ಸಲ ಚಕ್ರ ಬದಲಾಯಿಸಿದ್ದಾರೆ.

ಯಾರಿಗೆಷ್ಟು ಎಂದು ಈ ಗುಡ್ಡದ ಮೇಲೆ ಬಲ್ಲವಳು ನಾನು.
ಕ್ಯಾಂಟೀನಿನ ಸಾಲಲ್ಲಿ ಮುಂದೆ ನಿಂತವರ ಬೆನ್ನು ಕಂಡರೆ
ಹೆಸರಿಗಿಂತ ಮೊದಲು ಅಂಕಿ ನೆನಪಾಗುತ್ತದೆ.
ಒಳ್ಳೆಯ ಚಾಳಿಯಲ್ಲ, ಗೊತ್ತು.

ಇವತ್ತು ಹೊಸ ಅಧ್ಯಕ್ಷರನ್ನು ಪಟ್ಟಿಗೆ ಸೇರಿಸಿದೆ:
ಡಾಕ್ಟರ್ ವಾರಿಕ್ ಪೆನ್‌ಹ್ಯಾಲೊ.
ಮೂಲ ವೇತನ, ಮನೆ ಭತ್ಯೆ, ಕಾರು ಭತ್ಯೆ,
ಉಳಿದರೆ ಉಳಿದದ್ದಕ್ಕೊಂದು ಬಹುಮಾನ,
ಹೊರಟರೆ ಹೊರಟದ್ದಕ್ಕೆ ಒಂದು ವರ್ಷದ ಸಂಬಳ.
ಎಂಟರ್ ಒತ್ತಿದೆ.
ಮೊತ್ತದ ಮನೆಯಲ್ಲಿ ಮೊತ್ತ ಬರಲಿಲ್ಲ,
ಬೇಲಿ ಬಂತು:
# # # # # # # #
ಅಂಕಣ ಸಾಲದು ಅನ್ನುತ್ತಿದೆ ಯಂತ್ರ, ಅಂಕಿ ದೊಡ್ಡದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು
ನಮ್ಮಂಥವರಿಗೆ ಹೇಳಿದ ಮಾತು.
ಕೆಲವರ ಕಾಲು ನೋಡಿ ಹಾಸಿಗೆಯೇ ಉದ್ದವಾಗುತ್ತದೆ.
ತಾನಾಗಿ ಆಗುವುದಿಲ್ಲ,
ಗೆರೆ ಹಿಡಿದು ಯಾರಾದರೂ ಎಳೆಯಬೇಕು.
ಎಳೆದಷ್ಟೂ ಬಲಗಡೆಯ ಅಂಕಣಗಳು
ಒಂದೊಂದಾಗಿ ಪರದೆಯಾಚೆ ಬೀಳುತ್ತವೆ:
ರಜೆ, ಕಾಯಿಲೆ, ಷರಾ.

ಎಳೆಯದೆ ಕೆಳಗಿಳಿದೆ.
ಇನ್ನೂರ ಹನ್ನೆರಡನೇ ಸಾಲು, ಟೋಬಿಯಸ್ ಬುಡ್ರೋ,
ನೀತಿಶಾಸ್ತ್ರ, ಮೂರು ತರಗತಿ, ನಾಲ್ಕು ತಿಂಗಳ ಕಾಗದ.
ಅವನ ಅಂಕಿಗೆ ಅಂಕಣದಲ್ಲಿ ಓಡಾಡುವಷ್ಟು ಜಾಗ.
ಹೋದ ವಾರ ಬಂದಿದ್ದ, ಕೆನ್ನೆ ಒತ್ತಿಕೊಂಡು:
ಹಲ್ಲಿನ ವಿಮೆ ಏನಾದರೂ ಇದೆಯಾ ಎಫಿ?
ನಿನ್ನ ಕಾಗದಕ್ಕಿಲ್ಲ, ಅಂದೆ.
ಪರವಾಗಿಲ್ಲ, ಎಡಗಡೆ ಚೆನ್ನಾಗಿದೆ, ಎಂದು ಹೋದ.

ಅದರ ಕೆಳಗೆ ಕಸಗುಡಿಸುವವರು, ನಲವತ್ತೊಂದು ಜನ.
ಈ ತಿಂಗಳಿಂದ ಪಾಳಿಯಲ್ಲಿ ಕಾಲು ಗಂಟೆ ಕಡಿತ,
ಬಟ್ಟೆ ಬದಲಿಸಲೆಂದು ಇದ್ದ ಕಾಲು ಗಂಟೆ.
'ಕಠಿಣ ಆಯ್ಕೆಗಳ ಕಾಲ' ಎಂದಿತ್ತು ಸುತ್ತೋಲೆ,
ಕೆಳಗೆ ನೀಲಿ ಶಾಯಿಯ ಉದಾರ ಸಹಿ.
ಸುಮ್ಮನೆ ಗುಣಿಸಿದೆ; ಬೆರಳು ಸುಮ್ಮನಿರುವುದಿಲ್ಲ ನನ್ನದು.
ಗಂಟೆಗೆ ಹದಿನೇಳು ಡಾಲರು, ಇನ್ನೂರೈವತ್ತು ದಿನ,
ನಲವತ್ತಮೂರು ಸಾವಿರದ ಚಿಲ್ಲರೆ.
ಮನೆ ಭತ್ಯೆ ನಲವತ್ತೆರಡು.
ಚಿಲ್ಲರೆ ಎಲ್ಲಿಗೆ ಹೋಯಿತೋ ಕೇಳಬೇಡಿ.

ನನ್ನ ಅಜ್ಜ ಕಡಲಡಿಯ ಕಲ್ಲಿದ್ದಲು ತೋಡಿದವನು.
ಬಾಡಿಗೆ, ಸಿಡಿಮದ್ದು, ದೀಪದೆಣ್ಣೆ, ಡಾಕ್ಟರು,
ಕಂಪನಿ ಅಂಗಡಿಯ ಹಿಟ್ಟು, ಎಲ್ಲ ಕಳೆದು
ಒಂದು ಶನಿವಾರ ಕೈಗೆ ಬಂದದ್ದು ಬರೀ ಚೀಟಿ.
ಅಜ್ಜಿ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಳು,
ಈಗ ನನ್ನ ಹತ್ತಿರ ಇದೆ.
ಸೊನ್ನೆಗೆ ಎಷ್ಟು ಕಿರಿದಾದ ಅಂಕಣವಾದರೂ ಸಾಕು.
ಚಿಕ್ಕಂದಿನಲ್ಲಿ ಅದನ್ನು ನೋಡಿ ಅಜ್ಜನಿಗಾಗಿ ಅತ್ತಿದ್ದೆ.
ಈಗ ಕಣ್ಣು ನಿಲ್ಲುವುದು ಕೈಬರಹದ ಮೇಲೆ.
ಮುತ್ತಿನಂಥ ಅಕ್ಷರ. ಒಂದೂ ಚಿತ್ತಿಲ್ಲ.
ಯಾವನೋ ಗುಮಾಸ್ತ, ನಾಲಗೆ ಕಚ್ಚಿ,
ಗೆರೆ ನೇರ ಬರಲೆಂದು ಅಡಿಗೋಲಿಟ್ಟು ಬರೆದಿದ್ದಾನೆ.

ನಾಲ್ಕೂವರೆಗೆ ಮೇಲಿನಿಂದ ಫೋನು:
ಎಫಿ, ಅಧ್ಯಕ್ಷರ ಸಾಲಲ್ಲಿ ಏನೋ ಕೆಟ್ಟಿದೆ, ಬರೀ ಬೇಲಿ ಕಾಣ್ತಿದೆ.
ಕೆಟ್ಟಿಲ್ಲ, ಅಂದೆ. ಸರಿಯಾಗೇ ಕಾಣ್ತಿದೆ.
ಅತ್ತ ಕಡೆ ಸ್ವಲ್ಪ ಹೊತ್ತು ಉಸಿರು.
ಆಮೇಲೆ ಎಳೆದೆ. ಎರಡು ಬೆರಳಗಲ.
ಅಂಕಿ ಪೂರ್ತಿ ಮೈಮುರಿದು ಮಲಗಿತು.

ಕೋಟು ಹಾಕಿ ಹೊರಬಂದರೆ ಮೂರನೇ ಮಹಡಿ ಕತ್ತಲು.
ಯಾರೂ ಅಲುಗಾಡದಿದ್ದರೆ ದೀಪ ತಾನೇ ಆರುವ ಹೊಸ ಏರ್ಪಾಡು.
ಮೆಟ್ಟಿಲ ಮೇಲೆ ವಿನಿಫ್ರೆಡ್ ಡೆನ್ನಿ ಕೂತಿದ್ದಾಳೆ,
ತನ್ನ ಸ್ವಂತ ಸಮಯದಲ್ಲಿ ಬೂಟಿನ ಲಾಡಿ ಕಟ್ಟುತ್ತ.
ದೀಪ ಹತ್ತಲೆಂದು ತಲೆಯ ಮೇಲೆ ಕೈ ಬೀಸಿದಳು.
ನನಗೇ ಬೀಸಿದಳೆಂದುಕೊಂಡು
ನಾನೂ ಬೀಸಿದೆ.